ರಿಗೊಲೆಟ್ಟೊ ಸ್ಕೋರಿನ ಗ್ರಂಥಸಂಪಾದನೆ

ಇಟಲಿಯ ಸಂಯೋಜಕ ವೆರ್ದಿಯ 'ರಿಗೊಲೆಟ್ಟೊ' ಒಪೆರಾದ ಮೂರನೇ ಅಂಕ. ವೇಷ ಮರೆಸಿಕೊಂಡ ಡ್ಯೂಕ್ ಊರಾಚೆಯ ಹೆಂಡದಂಗಡಿಗೆ ಬಂದು ಅಂಗಡಿಯವನಿಗೆ "ಎರಡು ಬೇಕು, ಬೇಗ" ಅನ್ನುತ್ತಾನೆ. ಏನೇನು? ಹಳೆಯ ಮುದ್ರಿತ ಸ್ಕೋರಿನಲ್ಲಿ (ಹಾಡು, ವಾದ್ಯಗಳೆಲ್ಲದರ ಸ್ವರಲಿಪಿ ಒಟ್ಟಿಗಿರುವ ಪುಸ್ತಕ) ಉತ್ತರ "ಊನಾ ಸ್ತಾಂಜಾ", ಅಂದರೆ ಒಂದು ಕೋಣೆ, ಜೊತೆಗೆ ವೈನ್. ಹೊರಗೆ ಮಗಳೊಂದಿಗೆ ಗೋಡೆಯ ಬಿರುಕಿನಿಂದ ನೋಡುತ್ತಿರುವ, ಡ್ಯೂಕನ ವಿದೂಷಕ ರಿಗೊಲೆಟ್ಟೊ ಕೂಡಲೇ "ಇದೇ ಇವನ ಚಾಳಿ" ಅನ್ನುತ್ತಾನೆ. ಕೋಣೆ ಕೇಳಿದ್ದು ಯಾವ ಸೀಮೆಯ ಚಾಳಿ? ವೆರ್ದಿಯ ಕೈಬರಹದಲ್ಲಿ ಅಲ್ಲಿರುವುದು "ತುವಾ ಸೊರೆಲ್ಲಾ", ನಿನ್ನ ತಂಗಿ. ಮೂಲವಾದ ವಿಕ್ಟರ್ ಹ್ಯೂಗೋ ನಾಟಕದಲ್ಲೂ ಹಾಗೇ ಇದೆ. ಸೆನ್ಸಾರಿನ ಕಾಲದಲ್ಲಿ ಮಾತು ಬದಲಾಯಿತು. ಎರಡೂ ಪಾಠಗಳು ಅದೇ ಸ್ವರಗಳಿಗೆ ಸಲೀಸಾಗಿ ಕೂರುವುದರಿಂದ ಹಾಡುವವರಿಗೆ ಎಲ್ಲೂ ತೊಡಕೆನಿಸಲಿಲ್ಲ. ಮಾರ್ಟಿನ್ ಚೂಸಿಡ್ ಸಂಪಾದಿಸಿದ 1983ರ ಆವೃತ್ತಿ 'ತಂಗಿ'ಯನ್ನು ವಾಪಸ್ ತಂದಿತು. ಶಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ ಮತ್ತು ಮಿಲಾನಿನ ರಿಕೋರ್ಡಿ ಸೇರಿ ಹೊರತಂದ ವೆರ್ದಿ ಸಮಗ್ರ ಕೃತಿಮಾಲೆಯ ಮೊದಲ ಸಂಪುಟ ಅದು.

ತಪ್ಪುಗಳೆಲ್ಲ ಇಷ್ಟು ನಾಟಕೀಯವಾಗಿದ್ದರೆ ಸಂಪಾದಕರ ಪಾಡು ಸುಖವಾಗಿರುತ್ತಿತ್ತು. ಪಂಪನ ಕೈಯ ಓಲೆಗರಿ ನಮಗೆ ಸಿಕ್ಕಿಲ್ಲ. ಲಿಪಿಕಾರರ ಪಾಠಾಂತರಗಳ ನಡುವೆ ಹುಡುಕಾಡಬೇಕು. ವೆರ್ದಿಯ ಕೈಬರಹ ಇದೆ. ಅದನ್ನೇ ಅಚ್ಚು ಹಾಕಿದರಾಯಿತಲ್ಲ ಅಂದರೆ, ಆಗುವುದಿಲ್ಲ.

ಕಾರಣ ಆಗ ಬರೆಯುತ್ತಿದ್ದ ರೀತಿಯಲ್ಲೇ ಇದೆ. ಇಟಲಿಯ ಒಪೆರಾ ಸಂಯೋಜಕರು ಮೊದಲು ಹಾಡಿನ ಸಾಲು, ಕೆಳಗಿನ ಬಾಸ್ (ತಗ್ಗು ಸ್ವರಗಳ ಸಾಲು), ನಡುನಡುವೆ ಮುಖ್ಯ ವಾದ್ಯದ ತುಣುಕು, ಇಷ್ಟನ್ನು ಬರೆದು ಅಸ್ಥಿಪಂಜರ ಮಾಡಿಕೊಳ್ಳುತ್ತಿದ್ದರು. ಉಳಿದ ವಾದ್ಯಗಳನ್ನು ತುಂಬುತ್ತಿದ್ದುದು ಆಮೇಲೆ, ಹಲವು ಸಲ ಮೊದಲ ಪ್ರದರ್ಶನ ಹತ್ತಿರ ಬಂದಾಗ. ಮೊದಲ ವಯಲಿನ್ನಿಗೆ ಸ್ಲರ್ (ಸ್ವರಗಳನ್ನು ಬೆಸೆಯುವ ಕಮಾನುಗೆರೆ) ಹಾಕಿ, ಅದೇ ಸ್ವರ ನುಡಿಸುವ ಕೊಳಲಿಗೆ ಹಾಕದೆ ಬಿಡುವುದು ಮಾಮೂಲು. ನಕಲುಗಾರ ತುಂಬಿಕೊಳ್ಳುತ್ತಾನೆಂಬ ಭರವಸೆ. "ಕೋಮೆ ಸೋಪ್ರಾ", ಅಂದರೆ ಮೇಲಿನಂತೆ, ಎಂದು ಗೀಚಿ ಹತ್ತಾರು ಬಾರ್ (ತಾಳದ ಲೆಕ್ಕದ ಖಾನೆಗಳು) ಖಾಲಿ ಬಿಟ್ಟಿರುತ್ತಾರೆ. ಹಾಳೆಯಲ್ಲಿ ಸಾಲು ಸಾಲದಿದ್ದರೆ ಟ್ರಾಂಬೋನ್, ತಾಳವಾದ್ಯಗಳನ್ನು ಬೇರೆ ಚಿಕ್ಕ ಸ್ಕೋರಿಗೆ ದಾಟಿಸುತ್ತಿದ್ದರು. ಅಂಥ ಹಾಳೆ ಕಳೆದುಹೋದರೆ ಟ್ರಾಂಬೋನ್ ಇತ್ತೋ ಇಲ್ಲವೋ ಎಂಬುದೇ ಚರ್ಚೆಗೆ ಬೀಳುತ್ತದೆ.

ಆದ್ದರಿಂದ ಕೈಬರಹದ ಜೊತೆಗೆ ಆ ಕಾಲದ ನಕಲುಗಾರರ ಸ್ಕೋರು, ಮೊದಲ ಪ್ರದರ್ಶನದ ವಾದ್ಯಪಾರ್ಟುಗಳು (ಒಂದೊಂದು ವಾದ್ಯದ ಸಾಲಷ್ಟೇ ಇರುವ ಪ್ರತಿಗಳು) ಉಳಿದಿದ್ದರೆ ಅವು, ಪಿಯಾನೊ ಜೊತೆಗಿನ ಮೊದಲ ಮುದ್ರಣ, ಪ್ರೇಕ್ಷಕರಿಗೆ ಮಾರಿದ ಲಿಬ್ರೆಟ್ಟೊ (ಒಪೆರಾದ ಮಾತಿನ ಪುಸ್ತಕ), ಎಲ್ಲವೂ ಮೇಜಿನ ಮೇಲಿರಬೇಕು. ಟೈಪ್ ಮಾಡುವಾಗ ಕೈಬರಹದಿಂದಲೇ ಶುರುಮಾಡಬೇಕು. ಸಮಯ ಉಳಿಸಲು ಹಳೆಯ ಮುದ್ರಣವನ್ನು ಕಂಪ್ಯೂಟರಿಗೆ ಏರಿಸಿ ತಿದ್ದುತ್ತ ಹೋದರೆ ಕಣ್ಣು ಮೋಸ ಮಾಡುತ್ತದೆ: ಎದುರಿಗಿರುವ ಅಚ್ಚಿನ ಸ್ವರವನ್ನೇ ಕೈಬರಹದಲ್ಲೂ ಓದಿಬಿಡುತ್ತೇವೆ. ಆಮೇಲೆ ಒಂದು ಸಲಕ್ಕೆ ಒಂದೇ ವಾದ್ಯ ಹಿಡಿದು ಅಂಕದುದ್ದಕ್ಕೂ ಅಡ್ಡಲಾಗಿ ಓದುವುದು. ಅದು ಮುಗಿದ ಮೇಲೆ ಬಾರ್ ಬಾರಾಗಿ ಮೇಲಿನಿಂದ ಕೆಳಕ್ಕೆ. ಹಾಡುಗಾರನ ಸಾಲಿನಲ್ಲಿ ಫ್ಲಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ ಗುರುತು) ಇದ್ದು ವಿಯೋಲಾದಲ್ಲಿ ಮರೆತಿರುವಂಥದ್ದು ಅಡ್ಡ ಓದಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಹಾರ್ನ್ ಯಾವ ಶ್ರುತಿಗೆ ಬದಲಾಗಿದೆ ಎಂಬ ಸೂಚನೆಯೊಂದು ಕಣ್ತಪ್ಪಿದರೆ ಅಲ್ಲಿಂದ ಮುಂದಿನ ಪುಟಗಳಷ್ಟೂ ಹಾಳು.

ತಲೆ ಕೆಡಿಸುವುದು ಒಂದು ಪುಟ್ಟ ಗುರುತು. ಸ್ವರದ ಮೇಲೆ ಹಾಕುವ ಒತ್ತಿನ ಚಿಹ್ನೆಗೂ ಸದ್ದು ಇಳಿಸು ಎನ್ನುವ ಚಿಹ್ನೆಗೂ ಆಕಾರ ಒಂದೇ: ಎಡಕ್ಕೆ ಬಾಯಿ ತೆರೆದ ಕವಣೆ. ಉದ್ದ ಮಾತ್ರ ಬೇರೆ. ಅವಸರದ ಲೇಖನಿಯಲ್ಲಿ ಒತ್ತು ಅರ್ಧ ಬಾರ್ ಉದ್ದ ಎಳೆದುಕೊಳ್ಳುತ್ತದೆ. ಅದನ್ನು ಇಳಿಕೆ ಎಂದು ಅಚ್ಚುಹಾಕಿದರೆ ಕುಟುಕಬೇಕಾದ ಸ್ವರ ನಿಟ್ಟುಸಿರಾಗುತ್ತದೆ. ಉದ್ದ ಅಳೆದು ಪ್ರಯೋಜನವಿಲ್ಲ. ಅದೇ ಪದಗುಚ್ಛ ಮತ್ತೆ ಬರುವ ಕಡೆ ಏನಿದೆ, ಜೊತೆಯ ವಾದ್ಯಕ್ಕೆ ಏನಿದೆ, ಗುರುತು ಸ್ವರದ ತಲೆಯಿಂದಲೇ ಶುರುವಾಗಿದೆಯೇ, ಇವನ್ನೆಲ್ಲ ನೋಡಿ ತೀರ್ಮಾನಿಸಬೇಕು. ತೀರ್ಮಾನ ಯಾರದ್ದೆಂಬುದು ಪುಟದಲ್ಲೇ ಕಾಣಬೇಕು: ಸಂಪಾದಕರು ಸೇರಿಸಿದ ಸ್ಲರ್ ತುಂಡುಗೆರೆಯಲ್ಲಿ, ಸೇರಿಸಿದ ಸೂಚನೆ ಚೌಕ ಕಂಸದಲ್ಲಿ. ವಿವರವೆಲ್ಲ ಬೇರೆಯಾದ ಟಿಪ್ಪಣಿಯಲ್ಲಿ, ಬಾರ್ ಸಂಖ್ಯೆ, ವಾದ್ಯ, ಎಷ್ಟನೇ ಸ್ವರ ಎಂಬ ಲೆಕ್ಕದ ಸಮೇತ.

ಕೈಬರಹಕ್ಕೂ ಅಚ್ಚಿಗೂ ವ್ಯತ್ಯಾಸ ಕಂಡ ಕೂಡಲೇ ಅಚ್ಚೇ ತಪ್ಪು ಎಂದು ಕೂಗುವ ಹಾಗಿಲ್ಲ. 1950ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾದ್ಯವೃಂದ ಕಂಡಕ್ಟರ್ ಡೆನಿಸ್ ವಾನ್ 'ಫಾಲ್‌ಸ್ಟಾಫ್' ಸ್ಕೋರಿನಲ್ಲಿ ಸಾವಿರಾರು ವ್ಯತ್ಯಾಸಗಳಿವೆ ಎಂದು ಗದ್ದಲ ಎಬ್ಬಿಸಿದ್ದರು. ಆದರೆ 1893ರ ಆ ಒಪೆರಾ ಅಚ್ಚಾಗುವಾಗ ವೆರ್ದಿ ತಾನೇ ಪ್ರೂಫ್ ತಿದ್ದಿದ್ದ. ಅಲ್ಲಿ ಕೈಬರಹ ಮೊದಲ ಮಾತಷ್ಟೇ. ಕೊನೆಯ ಮಾತು ಅಚ್ಚಿನಲ್ಲಿ ಇರಬಹುದು. ಗದ್ದಲದಿಂದ ಒಂದು ಉಪಕಾರವಂತೂ ಆಯಿತು, ಬೀರುವಿನಲ್ಲಿದ್ದ ಕೈಬರಹಗಳತ್ತ ಎಲ್ಲರ ಕಣ್ಣು ಹೊರಳಿತು.

ಇನ್ನು ರಿಗೊಲೆಟ್ಟೊ ಪಾತ್ರಧಾರಿ ಕೊನೆಯ "ಮಾಲೆದಿತ್ಸಿಯೋನೆ"ಯಲ್ಲಿ, ಅಂದರೆ ಶಾಪ ಎಂಬ ಮಾತಿನಲ್ಲಿ, ಎತ್ತುವ ಆ ಉದ್ದನೆಯ ಮೇಲಿನ ಸ್ವರ. ವೆರ್ದಿ ಅದನ್ನು ಬರೆದಿಲ್ಲ, ಹೊಸ ಆವೃತ್ತಿ ಅಚ್ಚು ಹಾಕುವುದೂ ಇಲ್ಲ. ಹಾಡಬೇಡಿ ಎಂದೂ ಅದು ಹೇಳುವುದಿಲ್ಲ. ಪುಟದಲ್ಲಿ ಬರೆದವನ ಮಾತಿರಲಿ, ರೂಢಿಯನ್ನು ರಂಗದವರು ನೋಡಿಕೊಳ್ಳಲಿ.

ಸ್ಕೋರು ಮುಗಿದರೆ ಅರ್ಧ ಕೆಲಸ. ವಾದ್ಯಗಾರರ ಮುಂದಿರುವುದು ಪಾರ್ಟು. ಪುಟ ತಿರುವುವ ಜಾಗದಲ್ಲಿ ಎರಡು ಮೂರು ಬಾರ್ ಬಿಡುವಿರಬೇಕು. ಇಲ್ಲದಿದ್ದರೆ ಆ ಪುಟವನ್ನು ಅರ್ಧಕ್ಕೇ ನಿಲ್ಲಿಸಿ ಕೆಳಗೆ ಖಾಲಿ ಬಿಡುವುದೇ ಮೇಲು. ನಲವತ್ತು ಬಾರ್ ಸುಮ್ಮನಿದ್ದ ಟ್ರಂಪೆಟ್ಟಿಗೆ ಒಳಬರುವ ಮುಂಚೆ ಹಾಡುಗಾರನ ಸಾಲನ್ನು ಸಣ್ಣಕ್ಷರದಲ್ಲಿ ಕೊಡಬೇಕು, ಆದರೆ ಅವರು ಕೂತಲ್ಲಿಗೆ ನಿಜವಾಗಿ ಕೇಳಿಸುವ ಸಾಲನ್ನು. ಸೆಲ್ಲೊ ಮತ್ತು ಡಬಲ್ ಬಾಸ್ ಕೈಬರಹದಲ್ಲಿ ಹಲವು ಕಡೆ ಒಂದೇ ಸಾಲು. ಆಗಿನ ಇಟಲಿಯಲ್ಲಿ ಮೂರು ತಂತಿಯ ಬಾಸ್ ರೂಢಿಯಲ್ಲಿತ್ತು, ಸೆಲ್ಲೊದ ಕೆಳಗಿನ ಸ್ವರಗಳಷ್ಟೂ ಅದಕ್ಕೆ ಎಟುಕುತ್ತಿರಲಿಲ್ಲ. ಎರಡು ಪಾರ್ಟಾಗಿ ಒಡೆಯುವಾಗ ಇದು ನೆನಪಿರಬೇಕು.

ಬಾಡಿಗೆಗೆ ಹೋದ ಪಾರ್ಟುಗಳು ವಾಪಸ್ ಬಂದಾಗ ರಬ್ಬರ್ ಕೈಗೆತ್ತಿಕೊಳ್ಳುವ ಮುಂಚೆ ಪುಟಪುಟವೂ ನೋಡಬೇಕು. ಎರಡನೇ ವಯಲಿನ್ನಿನ ಮೂರು ಬೇರೆ ಬೇರೆ ಸ್ಟ್ಯಾಂಡುಗಳಲ್ಲಿ ಒಂದೇ ಬಾರಿನಲ್ಲಿ ಅದೇ ನ್ಯಾಚುರಲ್ ಗುರುತು (ಏರಿಳಿತ ರದ್ದುಮಾಡುವುದು) ಪೆನ್ಸಿಲಿನಲ್ಲಿ ಬಿದ್ದಿದ್ದರೆ, ಕೈಬರಹದ ಆ ಪುಟದ ಫೋಟೊ ಮತ್ತೆ ತೆರೆಯಬೇಕಾಗುತ್ತದೆ.