ಶಿಕಾಗೋಗೆ ಹೋಗ್ತಿದ್ರೆ ಹಳೇ ಲೈಬ್ರರಿಯ ಗಾಜಿನ ಗುಮ್ಮಟಕ್ಕೆ ಒಂದು ಬೆಳಿಗ್ಗೆ ಇಟ್ಕೊಳ್ಳಿ

ಶಿಕಾಗೋ ಅಂದ್ರೆ ನಮ್ಮವರ ಲಿಸ್ಟ್ ಹೆಚ್ಚುಕಮ್ಮಿ ಒಂದೇ: ಬೀನ್ ಅನ್ನೋ ಹುರುಳಿಬೀಜದ ಆಕಾರದ ಹೊಳೆಯೋ ಲೋಹದ ಶಿಲ್ಪ, ವಿಲ್ಲಿಸ್ ಟವರ್, ಬೋಟ್ ಟೂರ್, ವಾಪಸ್ ಬರ್ತಾ ಅರೋರಾದ ಬಾಲಾಜಿ ದೇವಸ್ಥಾನ. ಆ ಬೀನ್ ಮುಂದೆ ಫೋಟೋ ತೆಗೆಸ್ಕೊಂಡು ಮಿಶಿಗನ್ ಅವೆನ್ಯೂ ದಾಟಿದ್ರೆ ಸಾಕು, ಎದುರಿಗೇ ಬೂದು ಕಲ್ಲಿನ ದೊಡ್ಡ ಕಟ್ಟಡ, ಶಿಕಾಗೋ ಕಲ್ಚರಲ್ ಸೆಂಟರ್ ಅಂತ, ಅದರ ಮೂರನೇ ಫ್ಲೋರಲ್ಲಿ ಗಾಜಿನ ಕಲೆಗೆ ಹೆಸರಾದ ಅಮೆರಿಕದ ಟಿಫನಿಯವರ ಬಣ್ಣದ ಗಾಜಿನ ಗುಮ್ಮಟ ಇದೆ, ಟಿಕೆಟ್ಟೂ ಇಲ್ಲ. ಆದ್ರೂ ಎಷ್ಟೋ ಜನ ರೆಸ್ಟ್‌ರೂಮಿಗೆ ಅಂತ ಒಳಗೆ ಹೋಗಿ ಮೆಟ್ಟಿಲು ಹತ್ತದೇ ವಾಪಸ್ ಬರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇದು 1897ರಲ್ಲಿ ಊರಿನ ಪಬ್ಲಿಕ್ ಲೈಬ್ರರಿ ಅಂತಾನೇ ಕಟ್ಟಿದ್ದು. 1871ರ ಬೆಂಕಿಯಲ್ಲಿ ಶಿಕಾಗೋ ಸುಟ್ಟುಹೋದಾಗ ಇಂಗ್ಲೆಂಡಿನ ಜನ ಸುಮಾರು 8,000 ಪುಸ್ತಕ ಕಳಿಸಿಕೊಟ್ರು, ಅದೇ ಮೂಲಧನ, ಮೊದಲಿಗೆ ಅವನ್ನ ಇಡೋಕೆ ಜಾಗ ಇಲ್ದೆ ಬೆಂಕಿಯಲ್ಲಿ ಉಳಿದಿದ್ದ ಒಂದು ಹಳೇ ಕಬ್ಬಿಣದ ನೀರಿನ ಟ್ಯಾಂಕಲ್ಲೇ ಲೈಬ್ರರಿ ಶುರು ಮಾಡಿದ್ರಂತೆ. ನೀರಿನ ಟ್ಯಾಂಕಿಂದ ಕಾಲು ಶತಮಾನದೊಳಗೆ ಈ ಅರಮನೆಗೆ! 1970ರ ಸುಮಾರಿಗೆ ಇದನ್ನೂ ಕೆಡವೋ ಮಾತು ಬಂದಿತ್ತು, ಆಗಿನ ಮೇಯರ್ ಹೆಂಡತಿಯೇ ಕೆಡವಬೇಡಿ ಅಂತ ಬಹಿರಂಗವಾಗಿ ಹೇಳಿದ್ರು. ಪುಸ್ತಕಗಳು 1991ರಿಂದ ಸ್ಟೇಟ್ ಸ್ಟ್ರೀಟಿನ ಹೊಸ ಲೈಬ್ರರಿಯಲ್ಲಿವೆ, ಹಂಗಾಗಿ ಇಲ್ಲಿ ಓದೋಕೆ ಕಪಾಟು ಹುಡುಕಬೇಡಿ.

ಒಳಗೆ ಹೋಗೋದು ಮಾತ್ರ ವಾಷಿಂಗ್ಟನ್ ಸ್ಟ್ರೀಟ್ ಬಾಗಿಲಿಂದ. ರಾಂಡಾಲ್ಫ್ ಸ್ಟ್ರೀಟ್ ಕಡೆ ಇನ್ನೊಂದು ಬಾಗಿಲಿದೆ, ಬಹಳ ಜನ ಅಲ್ಲಿಂದ ಹೋಗ್ತಾರೆ, ಆದ್ರೆ ವಾಷಿಂಗ್ಟನ್ ಕಡೆ ಒಳಗೆ ಕಾಲಿಟ್ಟ ತಕ್ಷಣ ಬಿಳಿ ಕರಾರಾ ಮಾರ್ಬಲ್ ಮೆಟ್ಟಿಲು, ಅದರ ತುಂಬಾ ಗಾಜು, ಮುತ್ತಿನ ಚಿಪ್ಪು, ಹಸಿರು ಕಲ್ಲಿನ ಮೊಸಾಯಿಕ್. ಮಂಡಿ ನೋವಿಲ್ಲದವರು ಲಿಫ್ಟ್ ಬಿಟ್ಟು ಹತ್ತಿ. ಪುಸ್ತಕ, ಓದು, ಜ್ಞಾನದ ಬಗ್ಗೆ ಬೇರೆ ಬೇರೆ ಭಾಷೆಯ ಮಾತುಗಳನ್ನ ಚೂರು ಚೂರು ಜೋಡಿಸಿ ಗೋಡೆಗೆ ಕೂರಿಸಿದ್ದಾರೆ, ಗ್ರೀಕ್, ಹೀಬ್ರೂ, ಅರೇಬಿಕ್, ಚೈನೀಸ್ ಎಲ್ಲಾ ಇದೆ. ಪುಸ್ತಕ ತಗೊಳ್ಳೋಕೆ ಬರೋ ಮಾಮೂಲಿ ಜನಕ್ಕೆ ಅಂತ ಇಷ್ಟೆಲ್ಲಾ ಮಾಡಿದ್ರಲ್ಲ ಅಂತ ನಂಗೆ ಪ್ರತಿ ಮೆಟ್ಟಿಲಲ್ಲೂ ಅನ್ನಿಸ್ತು.

ಮೇಲೆ ಪ್ರೆಸ್ಟನ್ ಬ್ರಾಡ್ಲಿ ಹಾಲ್. ಹಿಂದೆ ಜನ ಪುಸ್ತಕ ಇಸ್ಕೊಳ್ತಿದ್ದ ಜಾಗ ಇದೇ, ಅದರ ನೆತ್ತಿ ಮೇಲೆ 38 ಅಡಿ ಅಗಲದ ಗುಮ್ಮಟ, ಸುಮಾರು 30,000 ಗಾಜಿನ ತುಂಡು. ತುಂಡುಗಳು ಮೀನಿನ ಹುರುಪೆ ಥರ ಒಂದರ ಪಕ್ಕ ಒಂದು, ತುದಿಯಲ್ಲಿ ಹನ್ನೆರಡು ರಾಶಿಗಳ ಚಿಹ್ನೆ, ಮಕ್ಕಳು ಜೊತೆಗಿದ್ರೆ ಅವರವರ ರಾಶಿ ಹುಡುಕೋಕೆ ಹೇಳಿ, ಕತ್ತು ಎತ್ಕೊಂಡು ನಿಂತುಬಿಡ್ತಾರೆ. ಪುಸ್ತಕಗಳು ಇನ್ನೂ ಹುಟ್ಟದೇ ಇರೋರಿಗೂ ಬಿಟ್ಟುಹೋಗೋ ಆಸ್ತಿ ಅನ್ನೋ ಅರ್ಥದ ಸಾಲು ಬುಡದಲ್ಲಿ ಸುತ್ತಲೂ ಓಡುತ್ತೆ, ಅದನ್ನ ಓದೋಕೆ ನೀವೂ ಒಂದು ಸುತ್ತು ಹಾಕಲೇಬೇಕು.

ಟೈಮಿಂಗ್ ವಿಷಯ ಇಲ್ಲಿ ನಿಜವಾಗ್ಲೂ ಮುಖ್ಯ. 1930ರ ದಶಕದಲ್ಲಿ ಗುಮ್ಮಟದ ರಕ್ಷಣೆಗೆ ಅಂತ ಮೇಲೆ ಕಾಂಕ್ರೀಟು, ತಾಮ್ರ ಮುಚ್ಚಿಬಿಟ್ರು, ಆಮೇಲೆ ದಶಕಗಟ್ಟಲೆ ಬರೀ ಕರೆಂಟ್ ಲೈಟಲ್ಲೇ ನೋಡೋದಾಗಿತ್ತು, 2008ರ ರಿಪೇರಿಯಲ್ಲಿ ಆ ಮುಚ್ಚಳ ಹೋಗಿ ಮತ್ತೆ ಬಿಸಿಲು ಬಿತ್ತು. ಅದಕ್ಕೇ ಬಿಸಿಲಿರೋ ದಿನ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನದೊಳಗೆ ಹೋಗಿ, ಕಡಿಮೆ ಅಂದ್ರೂ ಅರ್ಧ ಗಂಟೆ ಅಲ್ಲೇ ಇರಿ. ಮೋಡ ಬಂದು ಹೋಗ್ತಿದ್ರೆ ಇನ್ನೂ ಒಳ್ಳೇದು, ಹಸಿರು ಮಂಕಾಗಿ ಬಂಗಾರದ ಬಣ್ಣ ಏಳೋದು ಕಣ್ಣೆದುರೇ ಕಾಣುತ್ತೆ. ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲಾ ಕತ್ತಲೆ, ಸಂಜೆಗೆ ಇಟ್ಕೊಳ್ಳಲೇಬೇಡಿ. ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ತೆಗೆದಿರುತ್ತೆ, ಆದ್ರೆ ಮದುವೆ, ಕಾರ್ಯಕ್ರಮ ಅಂತ ಹಾಲ್ ಮುಚ್ಚೋದುಂಟು, ಹೊರಡೋ ಮುಂಚೆ ವೆಬ್‌ಸೈಟ್ ನೋಡಿ ಇಲ್ಲಾ ಫೋನ್ ಮಾಡಿ.

ರಾಂಡಾಲ್ಫ್ ಕಡೆ ಎರಡನೇ ಫ್ಲೋರಲ್ಲಿ ಇನ್ನೊಂದು ಗುಮ್ಮಟ ಇದೆ, ಹೀಲಿ ಅಂಡ್ ಮಿಲೆ ಅನ್ನೋ ಶಿಕಾಗೋದವರದ್ದೇ ಕೆಲಸ, 40 ಅಡಿ. ಅಮೆರಿಕದ ಸಿವಿಲ್ ವಾರ್ (ಅಂತರ್ಯುದ್ಧ) ಸೈನಿಕರ ನೆನಪಿನ ಕೋಣೆಗಳ ಭಾಗ ಅದು, 2022ರಲ್ಲಿ ರಿಪೇರಿ ಮುಗೀತು. ಟಿಫನಿ ಹೆಸರಿಲ್ಲ ಅಂತ ಬಿಡಬೇಡಿ, ಅದರ ಎಲೆ ವಿನ್ಯಾಸ ನಂಗೆ ಒಂದು ಕೈ ಹೆಚ್ಚೇ ಹಿಡಿಸ್ತು.

ಮಿಡ್‌ವೇ ಏರ್‌ಪೋರ್ಟಿಂದ ಆರೆಂಜ್ ಲೈನ್ ಟ್ರೈನ್ ಹತ್ತಿ ವಾಷಿಂಗ್ಟನ್-ವಬಾಶ್ ಸ್ಟೇಷನ್ನಲ್ಲಿ ಇಳಿದ್ರೆ ಒಂದೇ ಬ್ಲಾಕ್. ಓಹೇರ್ ಕಡೆಯಿಂದ ಬ್ಲೂ ಲೈನ್, ವಾಷಿಂಗ್ಟನ್ ಸ್ಟೇಷನ್ನಿಂದ ಪೂರ್ವಕ್ಕೆ ಸ್ವಲ್ಪ ನಡೀಬೇಕು. ನೇಪರ್‌ವಿಲ್, ಅರೋರಾ ಕಡೆ ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮಂದಿರು ಮೆಟ್ರಾ ಟ್ರೈನಲ್ಲಿ ಯೂನಿಯನ್ ಸ್ಟೇಷನ್ನಿಗೆ ಬಂದು ಅಲ್ಲಿಂದ ಬಸ್ಸೋ ಕ್ಯಾಬೋ ತಗೊಂಡ್ರೆ ಪಾರ್ಕಿಂಗ್ ದುಡ್ಡು ಉಳಿಯುತ್ತೆ, ಡೌನ್‌ಟೌನ್ ಪಾರ್ಕಿಂಗ್ ಬಹಳ ದುಬಾರಿ.

ಶಕ್ತಿ ಉಳಿದಿದ್ರೆ ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ನಡೀರಿ, ಆರ್ಟ್ ಇನ್‌ಸ್ಟಿಟ್ಯೂಟ್ ಸಿಗುತ್ತೆ. ಲೈಬ್ರರಿ ಕಟ್ಟಿದ ಆರ್ಕಿಟೆಕ್ಟುಗಳದ್ದೇ ಕಟ್ಟಡ, 1893ರಲ್ಲಿ ವಿವೇಕಾನಂದರು ಮಾತಾಡಿದ್ದು ಇಲ್ಲೇ, ಎದುರಿನ ರಸ್ತೆಗೆ ಅವರ ಹೆಸರಿನ ಬೋರ್ಡೂ ಇದೆ. ಒಳಗೆ ಶಗಾಲ್ ಅನ್ನೋ ಹೆಸರಾಂತ ಚಿತ್ರಕಾರ ಮಾಡಿದ ನೀಲಿ ಗಾಜಿನ ಕಿಟಕಿಗಳಿವೆ. ಇದಕ್ಕೆ ಮಾತ್ರ ಟಿಕೆಟ್ ಬೇಕು, ವಾರದ ಮಧ್ಯೆ ರಜೆ ಇರುತ್ತೆ, ದಿನ ನೋಡ್ಕೊಂಡು ಪ್ಲಾನ್ ಮಾಡಿ.