ಕೊಬ್ಬರಿ ಎಣ್ಣೆ ಕೇಳಿದ ಅಜ್ಜಿ

ಬೆಂಗಳೂರಿನಿಂದ ತಮಿಳುನಾಡಿನ ವೇಲಾಂಕಣಿಗೆ, ಯೇಸುವಿನ ತಾಯಿ ಮರಿಯಮ್ಮನವರ ಚರ್ಚಿಗೆ ನಡ್ಕೊಂಡು ಹೋಗುವವರನ್ನು ಹೊಸೂರು ರಸ್ತೆಯಲ್ಲಿ ನೀವೂ ನೋಡಿರಬಹುದು. ಕಾವಿ ಬಟ್ಟೆ, ಕೊರಳಲ್ಲಿ ಜಪಸರ, ಮುಂದೆ ಮಾತೆಯ ಪುಟ್ಟ ತೇರು. 400 ಕಿಲೋಮೀಟರಿಗೂ ಜಾಸ್ತಿ ದಾರಿ, ಎಷ್ಟೋ ಜನ ಕಾಲಿಗೆ ಚಪ್ಪಲಿಯನ್ನೂ ಹಾಕುವುದಿಲ್ಲ. ಆಗಸ್ಟ್ 29ಕ್ಕೆ ಅಲ್ಲಿ ಹಬ್ಬದ ಬಾವುಟ ಏರುತ್ತದೆ, ಸೆಪ್ಟೆಂಬರ್ 8 ಮಾತೆಯ ಹುಟ್ಟುಹಬ್ಬ. ಅದಕ್ಕೇ ಆಗಸ್ಟ್ ನಡುವಿನಲ್ಲೇ ಹೊರಟುಬಿಡುತ್ತಾರೆ.

ನಮ್ಮ ಚರ್ಚಿನ ಮುಂದೆ ಅವರಿಗೆ ನೀರು, ಮಜ್ಜಿಗೆ ಕೊಡುವ ಕೆಲಸ ನಾವು ಐದಾರು ಜನ ವಹಿಸಿಕೊಂಡಿದ್ದೆವು. ನಾನು ಹಿಂದಿನ ದಿನವೇ ಪಾಪನಿವೇದನೆ ಮಾಡಿ, ಬೆಳಗಿನ ಪೂಜೆಗೆ ಹೋಗಿ, ಪೂರ್ತಿ ತಯಾರಾಗಿ ಬಂದಿದ್ದೇನೆ ಅಂದುಕೊಂಡಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಜನ ಕಮ್ಮಿಯಾದರು. ಮೇಜು ಮಡಚಿದೆವು, ಪಾತ್ರೆ ತೊಳೆದಿಟ್ಟೆವು, ಉಳಿದವರೆಲ್ಲ ಮನೆಗೆ ಹೋದರು. ನಾನು ಗೇಟಿಗೆ ಬೀಗ ಹಾಕುತ್ತಿದ್ದಾಗ ನಾಲ್ಕು ಜನ ಬಂದರು. ಅವರಲ್ಲಿ ಒಬ್ಬರು ಅಜ್ಜಿ, ಎಪ್ಪತ್ತು ದಾಟಿರಬೇಕು.

ಮೆಟ್ಟಿಲ ಮೇಲೆ ಕೂತು ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು, ಬಟ್ಟೆಯ ನೂಲು ಹಸಿ ಚರ್ಮಕ್ಕೆ ಅಂಟಿಕೊಂಡಿತ್ತು. "ಸ್ವಲ್ಪ ಕೊಬ್ಬರಿ ಎಣ್ಣೆ ಇದ್ಯಾ ಮಗಾ?" ಅಂದರು.

ಇರಲಿಲ್ಲ. ಬಿಸಿನೀರೂ ಇರಲಿಲ್ಲ, ಅಂಗಡಿಗಳೆಲ್ಲ ಮುಚ್ಚಿದ್ದವು.

ಎದುರು ಮನೆಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಬಾಗಿಲಿಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕಟ್ಟಿದ ಮಾವಿನೆಲೆ ಹಾಗೇ ಇತ್ತು. ಹಿಂಜರಿಯುತ್ತಲೇ ತಟ್ಟಿದೆ. ಆ ಅಕ್ಕ ಯಾಕೆ ಏನು ಅಂತ ಕೇಳಲೇ ಇಲ್ಲ, ಅಜ್ಜಿಯ ಕಡೆ ಒಮ್ಮೆ ನೋಡಿ ಎಣ್ಣೆ ಬಾಟಲಿ ನನ್ನ ಕೈಗೆ ಕೊಟ್ಟು, ಒಲೆ ಮೇಲೆ ನೀರಿಟ್ಟು, ಉಪ್ಪು ಹಾಕಿ ಬಕೆಟ್ಟನ್ನು ತಾನೇ ತಂದರು.

ಅಜ್ಜಿಯ ಪಾದ ನೀರಲ್ಲಿ ನೆನೆಸಿ, ನೂಲನ್ನು ಒಂದೊಂದಾಗಿ ಬಿಡಿಸಿದೆ. ಈಸ್ಟರ್ ಹಿಂದಿನ ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಅವರೆಲ್ಲ ಮನೆಯಲ್ಲೇ ಕಾಲು ತೊಳೆದುಕೊಂಡು ಬಂದಿರುತ್ತಾರೆ, ಅಲ್ವಾ? ಇದು ಧೂಳು, ರಕ್ತ, ಟಾರಿನ ಕಪ್ಪು ಎಲ್ಲ ಅಂಟಿದ್ದ ಪಾದ. ಯೇಸುಸ್ವಾಮಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ತಮ್ಮ ಶಿಷ್ಯರದ್ದು ತೊಳೆದದ್ದೂ ಇಂಥ ಪಾದಗಳನ್ನೇ ಇರಬೇಕು.

ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಆಗ ನೆನಪಾಯಿತು. ಅರ್ಧರಾತ್ರಿ ಮದುಮಗ ಬಂದಾಗ ದೀಪಕ್ಕೆ ಎಣ್ಣೆ ಸಾಲದೆ ಮದುವೆಮನೆಯ ಹೊರಗೆ ಉಳಿದ ಐದು ಕನ್ಯೆಯರ ಕಥೆ ಬರುವುದು ಅಲ್ಲೇ, ಹಸಿದಿದ್ದೆ ಊಟ ಕೊಟ್ಟಿರಿ, ಬಾಯಾರಿದ್ದೆ ನೀರು ಕೊಟ್ಟಿರಿ, ಕಷ್ಟದಲ್ಲಿದ್ದವರಿಗೆ ಮಾಡಿದ್ದು ನನಗೇ ಮಾಡಿದಂತೆ ಅನ್ನುವ ಯೇಸುವಿನ ಮಾತು ಬರುವುದೂ ಅಲ್ಲೇ. ಇಷ್ಟು ವರ್ಷ ಎರಡನ್ನೂ ಬೇರೆ ಬೇರೆ ಪಾಠ ಅಂತಲೇ ಓದಿದ್ದೆ. ಆ ಕಥೆಯ ಕೊನೆಗೆ ಬರುವ ಎಚ್ಚರವಾಗಿರಿ ಅಂದರೆ ಜಪ, ಉಪವಾಸ ಅಷ್ಟೇ ಅಂತ ನಂಬಿದ್ದೆ. ಬರಬೇಕಾದವರು ಅರ್ಧರಾತ್ರಿಗೆ, ನಾವು ಬೀಗ ಹಾಕುವ ಹೊತ್ತಿಗೆ ಬರುತ್ತಾರೆ. ಆಗ ನಮ್ಮ ಕೈಯಲ್ಲಿ ಏನಿರುತ್ತದೆ? ಕಥೆಯಲ್ಲಿ ಎಣ್ಣೆ ಇದ್ದ ಉಳಿದ ಐದು ಜಾಣೆಯರು ಅದನ್ನು ಹಂಚಲಿಲ್ಲ. ನನಗೆ ಮಾತ್ರ ಎದುರು ಮನೆಯಿಂದ ಸಿಕ್ಕಿತು, ಅದನ್ನು ದೇವರ ಕೃಪೆ ಅನ್ನದೆ ಬೇರೇನು ಅನ್ನಲಿ?

ಬೆಳಗಿನ ನಾಲ್ಕಕ್ಕೇ ಅವರು ಹೊರಟು ನಿಂತರು. ಅಜ್ಜಿ ನನ್ನ ಕೈ ಹಿಡಿದು, "ಹೆಸರು ಹೇಳು ಮಗಾ, ಮಾತೆ ಮುಂದೆ ಒಂದು ಮೇಣದಬತ್ತಿ ಹಚ್ತೀನಿ" ಅಂದರು. ಎದುರು ಮನೆ ಅಕ್ಕನ ಹೆಸರನ್ನು ಮೊದಲು ಹೇಳಿದೆ, ಆಮೇಲೆ ನನ್ನದು.