ಗಾಥಿಕ್ಕಾ, ರಿನೈಸಾನ್ಸಾ? ಮೊದಲು ಬಾಗಿಲು ನೋಡಿ

ಜರ್ಮನಿಯ ಹಳೇ ಚರ್ಚುಗಳ ಫೋಟೊ ಹಾಕಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. "ಈ ಆಲ್ಟರ್ ಗಾಥಿಕ್ಕಾ, ರಿನೈಸಾನ್ಸಾ? ನಿಮಗೆ ಹೇಗೆ ಗೊತ್ತಾಗುತ್ತೆ?" ಗಾಥಿಕ್ ಅಂದರೆ ಮಧ್ಯಯುಗದ ಕೊನೆಯ ಶೈಲಿ, ರಿನೈಸಾನ್ಸ್ ಅಂದರೆ ಅದರ ನಂತರ ಇಟಲಿಯಿಂದ ಬಂದ ಹೊಸ ಶೈಲಿ. ಚೂಪು ಕಮಾನಾದರೆ ಗಾಥಿಕ್, ದುಂಡು ಕಮಾನಾದರೆ ರಿನೈಸಾನ್ಸ್ ಅಂತ ಹೇಳಿ ಮುಗಿಸಬಹುದು. ತಪ್ಪೇನಲ್ಲ. ಆದರೆ ನಾನು ಮೊದಲು ನೋಡುವುದು ಆಲ್ಟರಿನ ಬಾಗಿಲನ್ನು.

ಆಲ್ಟರ್, ಅಂದರೆ ಬಲಿಪೀಠ, ನಿಜವಾಗಿ ಪಾದ್ರಿಗಳು ಪೂಜೆ ಮಾಡುವ ಮೇಜು. ಅದರ ಹಿಂದೆ ಎದ್ದು ನಿಲ್ಲುವ ರಚನೆಯನ್ನೂ ಜನ ಆಲ್ಟರ್ ಅಂತಲೇ ಕರೆಯುತ್ತಾರೆ. 15ನೇ ಶತಮಾನದ ಜರ್ಮನ್ ನಾಡುಗಳಲ್ಲಿ ಅದು ಮರದ ದೊಡ್ಡ ಕಪಾಟು. ನಡುವೆ ಮೂರ್ತಿಗಳ ಗೂಡು, ಎರಡೂ ಕಡೆ ಕೀಲಿನ ಮೇಲೆ ತಿರುಗುವ ಬಾಗಿಲು, ತಲೆಯ ಮೇಲೆ ಚಾವಣಿಯತ್ತ ಏರುವ ಸಪೂರ ಗೋಪುರಗಳು. ಮಾಮೂಲಿ ದಿನ ಬಾಗಿಲು ಮುಚ್ಚಿರುತ್ತಿತ್ತು. ಹಬ್ಬಕ್ಕೆ ತೆರೆದರೆ ಒಳಗೆಲ್ಲ ಚಿನ್ನದ ಹೊಳಪು. ಮಿಖಾಯೆಲ್ ಪಾಖರ್ 1481ರಲ್ಲಿ ಮುಗಿಸಿದ ಸಾಂಕ್ಟ್ ವುಲ್ಫ್‌ಗಾಂಗ್ ಆಲ್ಟರಿಗೆ (ಈಗಿನ ಆಸ್ಟ್ರಿಯಾ) ಎರಡು ಜೊತೆ ಬಾಗಿಲು. ಅಂದರೆ ಒಂದೇ ಆಲ್ಟರಿಗೆ ಮೂರು ಮುಖ.

ಈ ಬಾಗಿಲುಗಳು ಏನು ಮಾಡುತ್ತಿದ್ದವು ಅಂತ ತಿಳಿಯಬೇಕಾದರೆ ಈಸನ್‌ಹೈಮ್ ಆಲ್ಟರ್ ನೋಡಬೇಕು. ಈಗ ಫ್ರಾನ್ಸಿನ ಕೋಲ್ಮಾರ್ ಮ್ಯೂಸಿಯಮ್ಮಿನಲ್ಲಿದೆ. ಒಳಗಿನ ಮೂರ್ತಿಗಳನ್ನು 1490ರ ಸುಮಾರಿಗೆ ಕೆತ್ತಿದವನು ನಿಕೊಲಾಸ್ ಹಾಗೆನಾವ್. ಬಾಗಿಲಿನ ಚಿತ್ರಗಳು ಚಿತ್ರಕಾರ ಗ್ರ್ಯೂನೆವಾಲ್ಡ್‌ನವು, 1512ರಿಂದ 1516ರ ನಡುವಿನವು. ಸಂತ ಅಂತೋಣಿಯ ಪಂಥದ ಸನ್ಯಾಸಿಗಳು ಈಸನ್‌ಹೈಮ್‌ನ ಮಠದಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ರೈ ಧಾನ್ಯಕ್ಕೆ ಒಂದು ಬಗೆಯ ಬೂಷ್ಟು ಹಿಡಿದು, ಅದರ ರೊಟ್ಟಿ ತಿಂದವರಿಗೆ ಬರುತ್ತಿದ್ದ ರೋಗ ಅದು. ಮೈ ಉರಿ, ಕೊನೆಗೆ ಕೈಕಾಲು ಕೊಳೆಯುವುದು. ಬಾಗಿಲು ಮುಚ್ಚಿದಾಗ ಆ ರೋಗಿಗಳಿಗೆ ಕಾಣುತ್ತಿದ್ದುದು ಶಿಲುಬೆಯ ಮೇಲಿನ ಯೇಸು. ಮೈತುಂಬ ಹುಣ್ಣು, ಬೆರಳುಗಳು ಸೆಟೆದಿವೆ. ತಮ್ಮದೇ ನೋವು ಎದುರಿಗೆ. ಮೊದಲ ಜೊತೆ ಬಾಗಿಲು ತೆರೆದರೆ ಬೆಳಕಿನ ಉಂಡೆಯೊಳಗೆ ಎದ್ದು ಬರುವ ಯೇಸು, ಮೈಮೇಲೆ ಒಂದು ಹುಣ್ಣೂ ಇಲ್ಲ. ಇನ್ನೊಂದು ಜೊತೆ ತೆರೆದರೆ ಚಿನ್ನದ ಗೂಡಿನಲ್ಲಿ ಸಂತ ಅಂತೋಣಿ. ಈಗ ಮ್ಯೂಸಿಯಮ್ಮಿನಲ್ಲಿ ಫಲಕಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದ್ದಾರೆ. ಸುತ್ತು ಹಾಕಿದರೆ ಎಲ್ಲ ಒಟ್ಟಿಗೆ ಕಾಣುತ್ತದೆ. ಅನುಕೂಲವೇನೋ ಹೌದು. ಆದರೆ ಬಾಗಿಲು ತೆರೆಯಲಿ ಅಂತ ಕಾಯುವ ಭಾಗವೇ ಹೊರಟುಹೋಯಿತು.

ರೋಥೆನ್‌ಬುರ್ಗ್‌ನ ಸಾಂಕ್ಟ್ ಯಾಕೋಬ್ ಚರ್ಚಿನ ಆಲ್ಟರ್ ತೋರಿಸಿದರೆ ಎಲ್ಲರೂ ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: ಬಣ್ಣ ಹಚ್ಚೋದು ಮರೆತರಾ? ಇಲ್ಲ, ಬೇಕಂತಲೇ ಬಿಟ್ಟದ್ದು. ಟಿಲ್ಮನ್ ರೀಮೆನ್‌ಷ್ನೈಡರ್ 1501ರಿಂದ 1505ರ ಹೊತ್ತಿಗೆ ಲಿಂಡೆನ್ ಮರದಲ್ಲಿ ಇದರ ಮೂರ್ತಿಗಳನ್ನು ಕೆತ್ತಿದ. ಕಪಾಟು ಮಾಡಿದ ಬಡಗಿ ಎರ್ಹಾರ್ಟ್ ಹಾರ್ಷ್ನರ್‌ಗೆ 50 ಗುಲ್ಡನ್ ನಾಣ್ಯ, ಇವನಿಗೆ 60. ಹೆಚ್ಚು ಕಮ್ಮಿ ಒಂದೇ ಕೂಲಿ ನೋಡಿ! ಕಡೆಯ ಭೋಜನದ ದೃಶ್ಯ. ನಟ್ಟನಡುವೆ ನಿಂತಿರುವವನು ಯೇಸು ಅಲ್ಲ, ಹಣದ ಚೀಲ ಹಿಡಿದ ಯೂದಾಸ, ಯೇಸುವಿಗೆ ದ್ರೋಹ ಬಗೆದ ಶಿಷ್ಯ. ಗೂಡಿನ ಬೆನ್ನಿಗೆ ಮರದ ಹಲಗೆ ಹೊಡೆದಿಲ್ಲ, ಗಾಜಿನ ಕಿಟಕಿ ಇಟ್ಟಿದ್ದಾರೆ. ಹೊತ್ತು ಸರಿದಂತೆ ಹಿಂದಿನಿಂದ ಬೆಳಕು ಬದಲಾಗಿ ಮುಖಗಳೂ ಬದಲಾಗುತ್ತವೆ. ಬಾಗಿಲು ಮತ್ತು ಚಿನ್ನ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಿಸಿಲು ಮಾಡುತ್ತದೆ. ಎಲ್ಲ ಊರಿನವರಿಗೂ ಈ ಬರಿ ಮರ ಹಿಡಿಸಲಿಲ್ಲ. ಮ್ಯುನ್ನರ್‌ಷ್ಟಾಟ್‌ನಲ್ಲಿ ಅವನು 1492ರಲ್ಲಿ ಬಣ್ಣವಿಲ್ಲದೆ ಕೊಟ್ಟ ಆಲ್ಟರಿಗೆ ಹತ್ತು-ಹನ್ನೆರಡು ವರ್ಷಗಳ ನಂತರ ಇನ್ನೊಬ್ಬ ಶಿಲ್ಪಿ ವೈಟ್ ಷ್ಟೋಸ್‌ನನ್ನು ಕರೆಸಿ ಬಣ್ಣ ಹೊಡೆಸಿದರು.

ಬಾಗಿಲು ಪೂರ್ತಿ ಹೋದದ್ದು ಎಲ್ಲಿ? ಚಿತ್ರಕಾರ ಡ್ಯೂರರ್‌ನ ಲಾಂಡಾವರ್ ಆಲ್ಟರಿನಲ್ಲಿ. ನ್ಯೂರೆಂಬರ್ಗ್‌ನ ವ್ಯಾಪಾರಿ ಮಥೇಯುಸ್ ಲಾಂಡಾವರ್ ಹನ್ನೆರಡು ಮಂದಿ ವಯಸ್ಸಾದ ಕುಶಲಕರ್ಮಿಗಳಿಗೆ ಒಂದು ಮನೆ ಕಟ್ಟಿಸಿದ್ದ. ಅಲ್ಲಿನ ಪ್ರಾರ್ಥನಾ ಮಂದಿರಕ್ಕಾಗಿ ಇದನ್ನು ಮಾಡಿಸಿದ. ಡ್ಯೂರರ್ ಇಟಲಿಯ ವೆನಿಸ್‌ನಿಂದ ಮರಳಿ ಹೆಚ್ಚು ದಿನ ಆಗಿರಲಿಲ್ಲ. 1508ರಲ್ಲೇ ಚೌಕಟ್ಟಿನ ನಕ್ಷೆ ಬರೆದ. ಎರಡು ಕಂಬ, ಮೇಲೊಂದು ತೊಲೆ, ಅದರ ಮೇಲೆ ಅರ್ಧಚಂದ್ರ. ಇಷ್ಟೇ. ಒಳಗೆ 1511ರ ಒಂದೇ ಚಿತ್ರ, ಆಕಾಶದಲ್ಲಿ ಸಂತರ ಗುಂಪು. ಕೆಳಗೆ ಬಲಮೂಲೆಯಲ್ಲಿ ಡ್ಯೂರರ್ ತಾನೇ ಪುಟ್ಟದಾಗಿ ನಿಂತಿದ್ದಾನೆ. ಕಪಾಟು ಹೋಗಿ ಕಿಟಕಿ ಬಂತು ಅನ್ನಿಸುತ್ತದೆ, ಅಲ್ವಾ? ಹಬ್ಬವಿರಲಿ ಬಿಡಲಿ, ಅದು ಸದಾ ತೆರೆದೇ ಇರುತ್ತದೆ. ಈಗ ಚಿತ್ರ ವಿಯೆನ್ನಾದಲ್ಲಿ, ಮೂಲ ಚೌಕಟ್ಟು ನ್ಯೂರೆಂಬರ್ಗ್‌ನಲ್ಲಿ.

1522ರ ಹೊತ್ತಿಗೆ ಆನ್ನಾಬೆರ್ಗ್‌ನ ಚರ್ಚಿಗೆ ಶಿಲ್ಪಿ ಆಡಾಲ್ಫ್ ಡೌಖರ್ ಅಮೃತಶಿಲೆಯಲ್ಲೇ ಆಲ್ಟರ್ ಮಾಡಿದ. ಕಲ್ಲಿಗೆ ಬಾಗಿಲು ಎಲ್ಲಿಂದ ಬರಬೇಕು!

ಇಷ್ಟಕ್ಕೆ ನಿಲ್ಲಿಸಿದ್ದರೆ, ಬಾಗಿಲಿದ್ದರೆ ಗಾಥಿಕ್, ಇಲ್ಲದಿದ್ದರೆ ರಿನೈಸಾನ್ಸ್ ಅನ್ನುವ ನನ್ನ ಗುರುತು ಚೆನ್ನಾಗಿಯೇ ಇತ್ತು. ಆದರೆ ಅದೇ ಷ್ಟೋಸ್ 1520ರಿಂದ 1523ರವರೆಗೆ ನ್ಯೂರೆಂಬರ್ಗ್‌ನ ಕಾರ್ಮೆಲ್ ಮಠಕ್ಕೆ ಕೆತ್ತಿದ ಆಲ್ಟರಿಗೆ ಬಾಗಿಲೂ ಇದೆ, ಹೊಸ ಕಾಲದ ದುಂಡು ಕಮಾನೂ ಇದೆ. ಮಠದ ಮುಖ್ಯಸ್ಥ ಅವನ ಮಗ ಆಂಡ್ರೆಯಾಸ್. ಅವಸರಪಟ್ಟು ಇದಕ್ಕೆ ಬಣ್ಣ ಹಚ್ಚಿಸಬೇಡಿ ಅಂತ ಮುಂದಿನವರಿಗೆ ಬರೆದಿಟ್ಟ. 1525ರಲ್ಲಿ ಊರು ಚರ್ಚಿನ ಸುಧಾರಣೆಗೆ ಹೊರಟ ಲೂಥರ್ ಕಡೆ ವಾಲಿತು, ಮಗ ಊರು ಬಿಡಬೇಕಾಯಿತು, ಆಲ್ಟರ್ ಅರ್ಧಕ್ಕೇ ನಿಂತಿತು. ಈಗ ಬಾಂಬೆರ್ಗ್‌ನ ದೊಡ್ಡ ಚರ್ಚಿನಲ್ಲಿದೆ.

ಇನ್ನು ಬ್ರೈಸಾಖ್ ಊರಿನದು. ಎಚ್.ಎಲ್. ಅನ್ನುವ ಎರಡಕ್ಷರದಿಂದಷ್ಟೇ ಗುರುತಿಸುವ ಶಿಲ್ಪಿ 1526ರ ಹೊತ್ತಿಗೆ ಮುಗಿಸಿದ ಆಲ್ಟರ್. ಬಾಗಿಲಿದೆ, ಚಿನ್ನ ಇಲ್ಲ. ಗಡ್ಡ, ಕೂದಲು, ಬಟ್ಟೆ ಎಲ್ಲ ಬಿರುಗಾಳಿಗೆ ಸಿಕ್ಕಂತೆ ಸುರುಳಿ ಸುತ್ತಿವೆ. ದೇವದೂತರಂತೂ ಗುಂಡುಗುಂಡಗೆ, ತುಂಟ ಹುಡುಗರ ಹಾಗೆ ಎಲ್ಲೆಂದರಲ್ಲಿ ನುಗ್ಗಿದ್ದಾರೆ. ಇದರ ಫೋಟೊ ಹಾಕಿದ ದಿನ ಮಾತ್ರ ದಯವಿಟ್ಟು ಆ ಪ್ರಶ್ನೆ ಕೇಳಬೇಡಿ.